ಏಳು ನಿಮಿಷದ ಟೇಕಿಗೆ ನಾನು ಹೇಳಿದ ಓಕೆ

ಟೇಕ್ ಶುರುವಾಗಿ ಎರಡೂವರೆ ನಿಮಿಷವಾಗಿತ್ತು. ನನ್ನ ಹೆಡ್‌ಫೋನಿನಲ್ಲಿ ಮೊದಲು ಟಿಕ್ ಅಂತ ಒಂದು ಸಣ್ಣ ಸದ್ದು, ಅದರ ಬೆನ್ನಿಗೇ ಸರ್ರ್ ಅಂತ ಬಿಡದ ಗುಂಗು. ನಟಿಯ ಹೆಲ್ಮೆಟ್ಟಿನೊಳಗಿನ ಫ್ಯಾನ್ ಆನ್ ಆಗಿತ್ತು. ಅಲ್ಲಿದ್ದವರಲ್ಲಿ ಆ ಸದ್ದು ಕೇಳಿಸಿದ್ದು ನನಗೊಬ್ಬನಿಗೇ. ನಿರ್ದೇಶಕರು ಮಾನಿಟರಿಗೆ ಕಣ್ಣು ನೆಟ್ಟು ಕೂತಿದ್ದರು. ಕ್ಯಾಮೆರಾದವನು ಉಸಿರು ಬಿಗಿಹಿಡಿದು ಮರಳಿನ ಮೇಲೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದ. ಕೈ ಎತ್ತಿ ನಿಲ್ಲಿಸಬೇಕಾದವನು ನಾನು. ಎತ್ತಲಿಲ್ಲ.

ಅಲ್ ಐನ್ ಕಡೆಯ ಕೆಂಪು ಮರಳಿನ ದಿಬ್ಬಗಳ ನಡುವೆ, ಫೆಬ್ರವರಿಯ ಒಂದು ಶನಿವಾರ ಸಂಜೆ ನಡೆದದ್ದು ಇದು. ನಾವು ಮಾಡುತ್ತಿದ್ದದ್ದು ಒಂದು ಕನ್ನಡ ವೈಜ್ಞಾನಿಕ ಸಿನಿಮಾ. ಕೇಳಿದವರೆಲ್ಲ ಮೊದಲು ನಗುತ್ತಿದ್ದರು, ಆಮೇಲೆ "ದುಬೈಯಲ್ಲಾ?" ಅಂತ ಇನ್ನೊಮ್ಮೆ ನಗುತ್ತಿದ್ದರು. ಕಥೆ ಸಣ್ಣದು. ದೂರದ ಗ್ರಹವೊಂದರಲ್ಲಿ ನೀರು ತೆಗೆಯುವ ಠಾಣೆ, ಅಲ್ಲಿ ಇಬ್ಬರೇ ಕೆಲಸಗಾರರು. ಒಬ್ಬ ಅಪಘಾತವಾಗಿ ಎಚ್ಚರವಿಲ್ಲದೆ ಪೆಟ್ಟಿಗೆಯಂಥ ತೊಟ್ಟಿಲಿನಲ್ಲಿ ಮಲಗಿದ್ದಾನೆ. ಠಾಣೆ ಕೆಟ್ಟು ನಿಂತಿದೆ. ಇನ್ನೊಬ್ಬಳು ಅವನನ್ನು ಅಲ್ಲೇ ಬಿಟ್ಟು, ಸಹಾಯ ತರಲು ನಡೆದು ಹೋಗಬೇಕು. ಹೋಗುವ ಮುಂಚೆ ಅವನ ಪಕ್ಕ ಕೂತು ಏಳು ನಿಮಿಷ ಮಾತಾಡುತ್ತಾಳೆ. ಅವನಿಗೆ ಕೇಳಿಸುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಇಡೀ ಸಿನಿಮಾ ನಿಂತದ್ದೇ ಆ ಏಳು ನಿಮಿಷದ ಮೇಲೆ, ಅದೂ ಒಂದೇ ಶಾಟ್.

ನಿರ್ದೇಶಕರು ಮೈಸೂರಿನವರು, ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು. ಐದು ವರ್ಷ ಕೂತು ಬರೆದ ಸ್ಕ್ರಿಪ್ಟ್. ನಟಿ ನಮ್ಮ ಕರಾವಳಿಯ ಕಡೆಯ ಕೊಂಕಣಿ ಮಾತಿನ ಕ್ರಿಶ್ಚಿಯನ್ ಹೆಂಗಸು, ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ಐಸಿಯು ನರ್ಸ್. ಚರ್ಚಿನ ನಾಟಕಗಳಲ್ಲಿ ಮಾಡಿ ಅಭ್ಯಾಸ. ನಾವೆಲ್ಲ ಅವರನ್ನು ಸಿಸ್ಟರ್ ಅಂತಲೇ ಕರೆಯುತ್ತಿದ್ದೆವು. ಮಲಗುವ ಪಾತ್ರಕ್ಕೆ ಶಾರ್ಜಾದ ಒಬ್ಬ ಅಕೌಂಟೆಂಟ್ ಸಿಕ್ಕಿದ್ದರು. ಪಾತ್ರಕ್ಕೆ ಎಷ್ಟು ನ್ಯಾಯ ಒದಗಿಸಿದರೆಂದರೆ ಎರಡು ಸಲ ನಿಜವಾಗಿ ಗೊರಕೆ ಹೊಡೆದರು. ನಾನು ಸೌಂಡು. ಹೊಟ್ಟೆಪಾಡಿಗೆ ಮಾಡುವುದೂ ಅದೇ, ಮದುವೆ, ಕಾನ್ಫರೆನ್ಸ್, ಮಾಲ್ ಉದ್ಘಾಟನೆಗಳಿಗೆ ಮೈಕು ಸ್ಪೀಕರು ಹಾಕುವ ಕಂಪನಿಯಲ್ಲಿ ಹದಿನಾಲ್ಕು ವರ್ಷ. ಸಿನಿಮಾ ಸೌಂಡ್ ಇದೇ ಮೊದಲು.

ಹೆಲ್ಮೆಟ್ ನಮ್ಮದೇ ತಯಾರಿ. ಪಾರದರ್ಶಕ ಪ್ಲಾಸ್ಟಿಕ್ಕಿನ ಗುಂಡು ಬುರುಡೆ, ಕುತ್ತಿಗೆಗೆ ಏಸಿ ಡಕ್ಟಿನ ಬಳುಕುವ ಪೈಪು, ಮುಖದ ಮೇಲೆ ಕಾರಿನ ಗಾಜಿಗೆ ಅಂಟಿಸುವ ಬಂಗಾರ ಬಣ್ಣದ ಫಿಲ್ಮು. ನೋಡಲು ಭರ್ಜರಿ. ಹಾಕಿಕೊಂಡವರ ಪಾಡು ದೇವರಿಗೇ ಪ್ರೀತಿ. ಒಳಗೆ ಎರಡು ನಿಮಿಷದಲ್ಲಿ ಉಸಿರಿನ ಮಂಜು ಕಟ್ಟಿ ಕಣ್ಣು ಕಾಣುತ್ತಿರಲಿಲ್ಲ, ಸೆಕೆಗೆ ತಲೆ ಸುತ್ತುತ್ತಿತ್ತು. ಅದಕ್ಕೆಂದು ಕಂಪ್ಯೂಟರಿನಿಂದ ಕಿತ್ತ ಎರಡು ಪುಟ್ಟ ಫ್ಯಾನುಗಳನ್ನು ಒಳಗೆ ಕೂರಿಸಿ, ಪವರ್ ಬ್ಯಾಂಕಿಗೆ ಜೋಡಿಸಿ, ಎದೆಯ ಮೇಲೆ ಒಂದು ಬಟನ್ ಇಟ್ಟಿದ್ದೆವು. ಮೈಕು ಅದೇ ಹೆಲ್ಮೆಟ್ಟಿನ ಅಂಚಿನಲ್ಲಿ, ಬಾಯಿಂದ ನಾಲ್ಕು ಬೆರಳು ದೂರದಲ್ಲಿ. ಆದ್ದರಿಂದ ನಾನು ಹಾಕಿದ ನಿಯಮ ಒಂದೇ: ಟೇಕ್ ನಡೆಯುವಾಗ ಫ್ಯಾನ್ ಬಂದ್.

ಅವತ್ತು ಮೂರು ಟೇಕ್ ಆಗಲೇ ಕೆಟ್ಟಿದ್ದವು. ಒಂದರಲ್ಲಿ ಕ್ಯಾಮೆರಾ ಎಡವಿತು, ಇನ್ನೊಂದರಲ್ಲಿ ದಿಬ್ಬದಾಚೆ ಯಾರದೋ ಮರಳಿನ ಬೈಕು ಬಂತು, ಮೂರನೆಯದರಲ್ಲಿ ಅಕೌಂಟೆಂಟರ ಗೊರಕೆ. ಪರ್ಮಿಟ್ ಇದ್ದದ್ದು ಸೂರ್ಯ ಮುಳುಗುವವರೆಗೆ. ನಾಲ್ಕನೆಯದಕ್ಕೆ ಬೆಳಕು ಕೆಂಪಗೆ ಅಡ್ಡ ಬಿದ್ದು, ಮರಳೆಲ್ಲ ಬೇರೆಯದೇ ಲೋಕದ ಹಾಗೆ ಕಾಣುತ್ತಿತ್ತು. ಸಿಸ್ಟರ್ ದನಿಯೂ ಅವತ್ತು ಹಿಂದೆಂದೂ ಇಲ್ಲದ ಹಾಗೆ ಬರುತ್ತಿತ್ತು. ಆಗಲೇ ಫ್ಯಾನು ತಿರುಗಿದ್ದು. ಉಸಿರು ಕಟ್ಟಿರಬೇಕು, ಗವುಸು ಹಾಕಿದ ಕೈಯನ್ನು ಎದೆಗೆ ಒತ್ತಿದ್ದು ನನಗೆ ಕಂಡಿತ್ತು. ಮಾನಿಟರಿನಲ್ಲಿ ಅದು ದುಃಖದಿಂದ ಎದೆ ಮುಟ್ಟಿಕೊಂಡ ಹಾಗೆ ಕಂಡಿತಂತೆ.

ಟೇಕ್ ಮುಗಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ನಿರ್ದೇಶಕರು ನನ್ನ ಕಡೆ ತಿರುಗಿ, "ಸೌಂಡ್?" ಅಂದರು.

ನಾನು ಹೆಬ್ಬೆರಳು ಎತ್ತಿದೆ. "ಓಕೆ. ಮಾಫಿ ಮುಶ್ಕಿಲ್."

ಇದಕ್ಕೆ ನನ್ನ ಕೆಲಸವನ್ನು ದೂರಬಹುದು, ದೂರುತ್ತೇನೆ. ಈ ಊರಿನಲ್ಲಿ ನಮ್ಮ ಲೈನಿನವರು ಕಲಿಯುವ ಮೊದಲ ಪಾಠ ಇದು. ಕ್ಲೈಂಟ್ ಏನು ಕೇಳಿದರೂ ಮೊದಲು 'ಮಾಫಿ ಮುಶ್ಕಿಲ್', ಅಂದರೆ 'ತೊಂದರೆ ಇಲ್ಲ', ಅನ್ನು, ಆಮೇಲೆ ಸ್ಟೇಜಿನ ಹಿಂದೆ ಹೋಗಿ ತಲೆ ಚಚ್ಚಿಕೋ. ಒಂದು ಸ್ಪೀಕರ್ ಸತ್ತಿದ್ದರೂ ಮಂತ್ರಿ ಬರುವ ಮುಂಚೆ 'ಓಕೆ' ಅಂದು, ಅವರು ಕುರ್ಚಿ ತಲುಪುವಷ್ಟರಲ್ಲಿ ಇನ್ನೊಂದನ್ನು ಎಳೆದು ತಂದವನು ನಾನು. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ. ಆದರೆ ಮದುವೆ ಮನೆಯಲ್ಲಿ ಕೆಟ್ಟ ಸೌಂಡು ಗಾಳಿಗೆ ಹೋಗುತ್ತದೆ. ಸಿನಿಮಾದಲ್ಲಿ ಅದು ಅಲ್ಲೇ ಕೂತಿರುತ್ತದೆ. ಆ ವ್ಯತ್ಯಾಸ ತಲೆಗೆ ಹೋಗಲು ನನಗೆ ಎರಡು ವಾರ ಹಿಡಿಯಿತು.

ಆ ಎರಡು ವಾರ ನಾನು ಯಾರಿಗೂ ಹೇಳದೆ ಆ ಸದ್ದಿನ ಜೊತೆ ಗುದ್ದಾಡಿದೆ. ಆಫೀಸಿನಿಂದ ದುಬೈಯ ಮಿರ್ದಿಫ್‌ನ ಫ್ಲಾಟಿಗೆ ಬಂದವನೇ ಲ್ಯಾಪ್‌ಟಾಪ್ ಎದುರು ಕೂರುವುದು. ಫ್ಯಾನಿನ ಸದ್ದು ಒಂದೇ ಸಮ ಇದ್ದಿದ್ದರೆ ಅದರ ಅಚ್ಚು ತೆಗೆದು ಉಳಿದದ್ದರಿಂದ ಕಳೆಯಬಹುದು, ಅದಕ್ಕೆ ಸಾಫ್ಟ್‌ವೇರ್ ಇದೆ. ಆದರೆ ಅವರು ತಲೆ ಆಡಿಸಿದಾಗೆಲ್ಲ ಗಾಳಿ ಮೈಕಿನ ಮೇಲೆ ಹೊರಳಿ ಸದ್ದು ಬೇರೆಯಾಗುತ್ತಿತ್ತು. ಹೆಚ್ಚು ಕಳೆದರೆ ಮಾತೇ ಸವೆದು ಹೋಗುತ್ತಿತ್ತು, ಕಡಿಮೆ ಕಳೆದರೆ ಗಿರಣಿ. ಒಂದು ದಿನ ನನ್ನ ಹೆಂಡತಿ ಚಹಾ ತಂದಿಟ್ಟು ಎರಡು ನಿಮಿಷ ಕೇಳಿ, "ಪಾಪ, ಯಾರು ಅದು ಬಾವಿಯೊಳಗಿಂದ ಮಾತಾಡುದು?" ಅಂದಳು. ಮಗಳು ಸೋಫಾದಿಂದಲೇ ತೀರ್ಪು ಕೊಟ್ಟಳು: "ಪಪ್ಪಾ, ಶಿ ಸೌಂಡ್ಸ್ ಲೈಕ್ ಅ ರೋಬೋಟ್. ಬಟ್ ಇಟ್ಸ್ ಸೈ-ಫೈ, ನೋ? ಸೋ ಇಟ್ಸ್ ಫೈನ್."

ನನಗೆ ನಗು ಬರಲಿಲ್ಲ. ಕಾರು ಓಡಿಸುವಾಗ, ಊಟ ಮಾಡುವಾಗ, ಬೇರೆಯವರ ಮದುವೆಯಲ್ಲಿ ಮೈಕು ಸರಿ ಮಾಡುವಾಗ ಕಿವಿಯಲ್ಲಿ ಅದೇ ಸರ್ರ್. ಮನೆಯ ಫ್ರಿಜ್ಜು ಶುರುವಾದರೆ ಬೆಚ್ಚಿ ಬೀಳುತ್ತಿದ್ದೆ. ಇನ್ನೂ ಸಮಯ ಇದೆ, ಒಂದು ದಿನ ಸಿಸ್ಟರನ್ನು ಕರೆದು ಮೆಲ್ಲಗೆ ಡಬ್ಬಿಂಗ್ ಮಾಡಿಸಿಕೊಂಡರಾಯಿತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಸಿಸ್ಟರ್ ಒಂದು ಕೇಕಿನ ಫೋಟೋ ಹಾಕಿದರು. ಐರ್ಲೆಂಡಿನ ಆಸ್ಪತ್ರೆಯೊಂದರಿಂದ ಎರಡು ವರ್ಷದಿಂದ ಕಾಯುತ್ತಿದ್ದ ಕೆಲಸ ಆಗಿದೆ, ವೀಸಾ ಬಂದಿದೆ, ಇನ್ನು ಒಂಬತ್ತು ದಿನಕ್ಕೆ ದುಬೈಯಿಂದ ವಿಮಾನ. ಎಲ್ಲರೂ ಹೂವು, ಕೈಮುಗಿಯುವ ಚಿತ್ರ, ಚಪ್ಪಾಳೆ ಕಳಿಸಿದರು. ನಾನೂ ಒಂದು ಹೂವು ಕಳಿಸಿ ಫೋನು ಮಗುಚಿ ಇಟ್ಟೆ. ಹೋಗಲಿ, ಮತ್ತೆ ಶೂಟ್ ಮಾಡೋಣ ಅಂದರೆ ಪರ್ಮಿಟ್ಟಿಗೇ ಮೂರು ವಾರ ಬೇಕು. ಆ ತೊಟ್ಟಿಲನ್ನು, ಅಂದರೆ ಉದ್ದಕ್ಕೆ ಕೊಯ್ದ ಫೈಬರ್ ನೀರಿನ ಟ್ಯಾಂಕನ್ನು, ಗುಜರಿಯವನು ಆಗಲೇ ಒಯ್ದಿದ್ದ. ಅಕೌಂಟೆಂಟರು ವಾರ್ಷಿಕ ರಜೆಯ ಮೇಲೆ ಊರಿಗೆ ಹೋಗಿದ್ದರು.

ಮರುದಿನ ನಿರ್ದೇಶಕರ ಆಫೀಸಿನ ಕೆಳಗಿನ ಕೆಫೆಟೇರಿಯಾಕ್ಕೆ ಹೋಗಿ, ಅವರನ್ನು ಕೆಳಗೆ ಕರೆಸಿ, ಕರಕ್ ಚಹಾ ಹೇಳಿ, ಎಲ್ಲ ಒಪ್ಪಿಕೊಂಡೆ. ಫೋನಿನಲ್ಲಿ ಆ ಏಳು ನಿಮಿಷ ಕೇಳಿಸಿದೆ. ಅವರು ಒಂದು ನಿಮಿಷಕ್ಕೇ ಕಿವಿಯಿಂದ ತೆಗೆದರು.

"ಥಂಬ್ಸ್ ಅಪ್ ತೋರಿಸಿದ್ರಲ್ಲ ಸಾರ್?"

"ತೋರಿಸಿದೆ."

"ಗೊತ್ತಿದ್ದೂ ತೋರಿಸಿದ್ರಾ?"

"ಹೌದು."

ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಚಹಾದ ಕಾಗದದ ಲೋಟವನ್ನು ಮೆಲ್ಲಗೆ ಹಿಸುಕುತ್ತ ರಸ್ತೆ ನೋಡಿದರು. "ಆವತ್ತು ಇನ್ನೂ ಹನ್ನೆರಡು ನಿಮಿಷ ಬೆಳಕಿತ್ತು ಸಾರ್. ನಾನು ಟೈಮ್ ನೋಡಿದ್ದೆ. ನೀವು ಬೇಡ ಅಂದಿದ್ರೆ ಇನ್ನೊಂದು ಟೇಕ್ ಆಗೋದು," ಅಂದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ, ನನ್ನದು ಒಂದು ಹೆಬ್ಬೆರಳಿಗೆ ಹೋಗಿತ್ತು. ಆದರೂ ಅವರು ದೊಡ್ಡ ಮನುಷ್ಯ. ಗುಂಪಿನಲ್ಲಿ 'ಸಣ್ಣ ತಾಂತ್ರಿಕ ತೊಂದರೆ, ಡಬ್ಬಿಂಗ್ ಬೇಕು' ಅಂತಷ್ಟೇ ಬರೆದರು. ನನ್ನ ಹೆಸರು ಎತ್ತಲಿಲ್ಲ.

ಸಿಸ್ಟರಿಗೆ ಹೊರಡುವ ಮುಂಚೆ ಸಿಕ್ಕಿದ್ದ ರಜೆ ಒಂದೇ ಒಂದು ದಿನ, ಬುಧವಾರ. ಒಳ್ಳೆಯ ಸ್ಟುಡಿಯೋ ನಮ್ಮ ಕೈಗೆಟುಕುವ ಮಾತಾಗಿರಲಿಲ್ಲ. ನಮ್ಮ ಮಲಗುವ ಕೋಣೆಯ ಗೋಡೆ ಬೀರು ಖಾಲಿ ಮಾಡಿ, ಮೂರು ಕಡೆ ಕಂಬಳಿ ತೂಗುಹಾಕಿ, ಒಳಗೊಂದು ಸ್ಟೂಲು, ಎದುರಿಗೆ ಮೈಕು ಇಟ್ಟೆ. ಕಂಬಳಿ ಹೊದಿಸಿದ ಬೀರಿನಲ್ಲಿ ಮಾತು ಮಾರ್ದನಿ ಕೊಡುವುದಿಲ್ಲ, ಇದು ಬಡವರ ಸ್ಟುಡಿಯೋ. ಒಂದೇ ಕಾಟವೆಂದರೆ ಮಿರ್ದಿಫ್ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇರುವುದು. ಗಾಳಿಯ ದಿಕ್ಕು ಬದಲಾದ ದಿನ ವಿಮಾನಗಳು ನೇರ ನಮ್ಮ ತಾರಸಿಯ ಮೇಲೇ ಏರುತ್ತವೆ. ಫೋನಿನಲ್ಲಿ ವಿಮಾನಗಳ ಓಡಾಟ ತೋರಿಸುವ ಆಪ್ ಹಾಕಿಕೊಂಡು, ಎರಡರ ನಡುವೆ ಬಿಡುವು ಸಿಕ್ಕಾಗ ರೆಕಾರ್ಡು ಮಾಡುವ ಲೆಕ್ಕ.

ಅವತ್ತು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಹದಿನೇಳು ಟೇಕ್ ಆದವು. ಒಂದೂ ಜೀವ ಹಿಡಿಯಲಿಲ್ಲ. ಶಬ್ದ ಸ್ಪಷ್ಟ, ಉಚ್ಚಾರ ಸ್ಪಷ್ಟ, ಆದರೆ ವಾರ್ತೆ ಓದಿದ ಹಾಗೆ. ನಾವು ಮಾಡದ ಸರ್ಕಸ್ಸಿಲ್ಲ. ಮೆಟ್ಟಿಲು ಹತ್ತಿಸಿ ಇಳಿಸಿ ಏದುಸಿರು ಬರಿಸಿದೆವು. ಹೆಲ್ಮೆಟ್ ಹಾಕಿಸಿದೆವು. ಮರಳುಗಾಡಿನ ದೃಶ್ಯವನ್ನು ಟ್ಯಾಬ್ಲೆಟ್ಟಿನಲ್ಲಿ ಎದುರಿಗಿಟ್ಟೆವು. ನಿರ್ದೇಶಕರಿಗೆ ಕಾತರ ಹೆಚ್ಚಿದಂತೆ ತಿದ್ದುವುದೂ ಹೆಚ್ಚಿತು.

"ಸಿಸ್ಟರ್, 'ಹೋಗ್ತೇನೆ' ಅಲ್ಲ, 'ಹೋಗ್ತೀನಿ'. ಕೊನೇ ಸಾಲು ಇನ್ನೊಂದ್ಸಲ: 'ನಾನು ಮರಳಿ ಬರ್ತೀನಿ. ಖಂಡಿತ ಬರ್ತೀನಿ.' ಅದು ಎದೆಯಿಂದ ಬರ್ಬೇಕು."

"ಬರುದಿಲ್ಲ ಸರ್ ಅದು," ಅಂದರು ಸಿಸ್ಟರ್ ಬೀರಿನೊಳಗಿಂದ. "ಎಷ್ಟು ಸಲ ಹೇಳಿದ್ರೂ ಬಾಯಿಗೆ ಮಾತ್ರ ಬರ್ತದೆ."

ನಾಲ್ಕು ಗಂಟೆಗೆ ಎಲ್ಲರೂ ಸೋತೆವು. ಇನ್ನು ಅವರ ಪಾಲಿಗೆ ಮೂರು ಡ್ಯೂಟಿ, ಪ್ಯಾಕಿಂಗು, ಭಾನುವಾರ ಮಧ್ಯಾಹ್ನದ ವಿಮಾನ. ನಿರ್ದೇಶಕರು ಯಾರ ಮುಖವನ್ನೂ ನೋಡದೆ ಹೊರಟರು. ಬಸ್ಸಿಗೆ ಬಿಡುತ್ತೇನೆ ಅಂತ ಸಿಸ್ಟರನ್ನು ಕಾರಿಗೆ ಹತ್ತಿಸಿಕೊಂಡವನು ಬಸ್ ಸ್ಟ್ಯಾಂಡು ದಾಟಿ ಅಬುಧಾಬಿ ರಸ್ತೆಯನ್ನೇ ಹಿಡಿದೆ. ಒಂದೂವರೆ ಗಂಟೆಯ ದಾರಿ. ಸುಮ್ಮನಿರಲು ನನ್ನಿಂದ ಆಗಲಿಲ್ಲ. ತಾಂತ್ರಿಕ ತೊಂದರೆ ಏನೂ ಅಲ್ಲ, ಫ್ಯಾನಿನ ಸದ್ದು ನನಗೆ ಆಗಲೇ ಕೇಳಿಸಿತ್ತು, ಆದರೂ ಓಕೆ ಅಂದೆ ಅಂತ ಹೇಳಿಬಿಟ್ಟೆ.

ಅವರು ಮಡಿಲಲ್ಲಿದ್ದ ಚೀಲವನ್ನು ಕಾಲ ಬಳಿ ಇಳಿಸಿದರು. ಆಮೇಲೆ ಹೇಳಿದರು: "ಬಟನ್ ಒತ್ತುವಾಗ ನನಗೆ ಗೊತ್ತಿತ್ತು ಮಾರಾಯ್ರೆ, ಸೌಂಡಿಗೆ ತೊಂದರೆ ಅಂತ. ಉಸಿರು ಸಿಗ್ಲಿಲ್ಲ, ಒತ್ತಿದೆ. ನೀವು ನಿಲ್ಲಿಸ್ತೀರಿ ಅಂತ ಕಾದೆ. ನಿಲ್ಲಿಸ್ಲಿಲ್ಲ. ಹಾಗಾದ್ರೆ ಅಡ್ಡಿ ಇಲ್ಲ ಕಾಣ್ತದೆ ಅಂತ ಮುಂದೆ ಹೋದೆ. ನಿಮ್ಮನ್ನು ನಂಬಿ ಹೋದದ್ದು ನಾನು."

ನಾನು ಪಕ್ಕದ ಲೇನಿಗೆ ಸರಿದು ಕಾರಿನ ವೇಗ ಇಳಿಸಿದೆ.

"ನಮ್ಮಲ್ಲಿ ಹಾಗೆ ಸುಮ್ಮನೆ ಓಕೆ ಹೇಳ್ಲಿಕ್ಕಿಲ್ಲ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಕೆಲವು ಮದ್ದು ಕೊಡುವ ಮೊದಲು ಇಬ್ಬರು ನೋಡ್ಬೇಕು. ಇನ್ನೊಬ್ಬಳು ನರ್ಸ್ ಓಕೆ ಹೇಳಿದ್ಮೇಲೆ ನಾನು ಕೈ ಹಾಕುದು. ಅವಳು ನೋಡದೆ ಹೇಳಿದ್ರೆ ಎಂತ ಆಗ್ತದೆ?"

"ತಪ್ಪಾಯ್ತು ಸಿಸ್ಟರ್."

"ಆಯ್ತು, ಬಿಡಿ. ಇನ್ನು ಎಂತ ಮಾಡುದು ಹೇಳಿ."

ಎಂತ ಮಾಡುವುದು ಅಂತ ನನಗೆ ಗೊತ್ತಿದ್ದರೆ ತಾನೆ? ಕೇಳಬೇಕೆಂದು ಕೇಳಿದೆ, ಮರಳಿನಲ್ಲಿ ಬಂದ ದನಿ ಬೀರಿನಲ್ಲಿ ಯಾಕೆ ಬರಲಿಲ್ಲ ಅಂತ. ಅವರಿಗೆ ಉತ್ತರ ಸಿದ್ಧವಾಗಿಯೇ ಇತ್ತು.

"ಅಲ್ಲಿ ಎದುರಿಗೆ ಒಬ್ಬರು ಮಲಗಿದ್ದರಲ್ಲ. ನನಗೆ ಮಲಗಿದವರ ಹತ್ತಿರ ಮಾತಾಡಿ ಅಭ್ಯಾಸ. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ."

ಐಸಿಯುವಿನಲ್ಲಿ ಎಚ್ಚರವಿಲ್ಲದವರ ಹತ್ತಿರವೂ ಮಾತಾಡಿಯೇ ಮುಟ್ಟುವುದಂತೆ, ಅದು ಕ್ರಮ. ಈಗ ನಿಮ್ಮನ್ನು ಎಡಗಡೆ ತಿರುಗಿಸ್ತೇನೆ, ಈಗ ಸ್ವಲ್ಪ ತಣ್ಣಗೆ ಆಗ್ತದೆ, ಈಗ ಗಂಟೆ ಏಳು, ಹೊರಗೆ ಬೆಳಗಾಗಿದೆ. ಅವರಿಗೆ ಕೇಳಿಸುತ್ತದೋ ಇಲ್ಲವೋ ಖಾತ್ರಿ ಇಲ್ಲ, ಆದ್ದರಿಂದ ಕೇಳಿಸುತ್ತದೆ ಅಂತಲೇ ನಡೆದುಕೊಳ್ಳಬೇಕು.

"ಯಾವ ಭಾಷೆಯಲ್ಲಿ?" ಅಂದೆ.

"ಅರಬಿಗಳಿಗೆ ನಾಲ್ಕು ಅರಬಿ ಮಾತು, ಉಳಿದವರಿಗೆ ಹಿಂದಿ, ಇಂಗ್ಲಿಷ್. ಯಾವ ಊರಿನವರು ಅಂತಲೇ ಗೊತ್ತಿಲ್ಲದಿದ್ರೆ ನಾನು ಕೊಂಕಣಿಯಲ್ಲಿ ಹೇಳ್ತೇನೆ. ಸ್ವರ ಗೊತ್ತಾಗ್ತದೆ ಅಲ್ವಾ, ಅಷ್ಟು ಸಾಕು."

"ಡ್ಯೂಟಿ ಮುಗಿದು ಹೋಗುವಾಗ? ನಾಳೆ ಬರ್ತೇನೆ ಅಂತೀರಾ?"

"ಅಯ್ಯೋ, ಇಲ್ಲಪ್ಪ. ಹಾಗೆ ಹೇಳುವ ಕ್ರಮ ಇಲ್ಲ." ಅವರು ನನ್ನ ಕಡೆ ತಿರುಗಿದರು. "ನಾಳೆ ನಾನು ಬರ್ತೇನೋ ಇಲ್ವೋ. ಅವರು ಇರ್ತಾರೋ ಇಲ್ವೋ. ನನ್ನ ಡ್ಯೂಟಿ ಮುಗೀತು, ಇನ್ನು ಇಂಥ ಸಿಸ್ಟರ್ ಬರ್ತಾರೆ, ಅವರಿಗೆ ನಿಮ್ಮ ವಿಷಯ ಎಲ್ಲ ಹೇಳಿದ್ದೇನೆ, ಚಂದ ನೋಡಿಕೊಳ್ತಾರೆ. ಅಷ್ಟೇ."

ಆ ಕೊನೆಯ ಸಾಲು ಯಾಕೆ ಅವರ ಬಾಯಿಗೆ ಮಾತ್ರ ಬರುತ್ತಿತ್ತು ಅಂತ ಈಗ ತಿಳಿಯಿತು. ಹತ್ತೊಂಬತ್ತು ವರ್ಷ ಬೇಕೆಂದೇ ಹೇಳದೆ ಇದ್ದ ಮಾತನ್ನು ನಾವು ಹದಿನೇಳು ಸಲ ಹೇಳಿಸಿದ್ದೆವು. ಅದರ ಜೊತೆಗೇ ಇನ್ನೊಂದು ಹೊಳೆಯಿತು: ಮುಖದ ಮೇಲೆ ಬಂಗಾರದ ಫಿಲ್ಮು ಇದೆ, ತುಟಿ ಕಾಣುವುದೇ ಇಲ್ಲ. ತುಟಿ ಕಾಣದ ಮೇಲೆ ಬರೆದ ಮಾತನ್ನೇ ಹೇಳಬೇಕೆಂದು ಯಾರಪ್ಪನ ಕಟ್ಟಳೆ? ಟೂರಿಸ್ಟ್ ಕ್ಲಬ್ ಏರಿಯಾದ ಅವರ ಬಿಲ್ಡಿಂಗ್ ಕೆಳಗೆ ಕಾರು ನಿಲ್ಲಿಸಲು ಜಾಗ ಸಿಗದೆ ಮೂರು ಸುತ್ತು ಹಾಕಿದೆ. ಆ ಮೂರು ಸುತ್ತಿನಲ್ಲಿ ಭಾನುವಾರ ಬೆಳಿಗ್ಗೆ ಪೆಟ್ಟಿಗೆಗಳ ಸಮೇತ ನಮ್ಮ ಮನೆಗೆ ಬನ್ನಿ, ವಿಮಾನಕ್ಕೆ ಅಲ್ಲಿಂದಲೇ ಹೋಗಬಹುದು ಅಂತ ಒಪ್ಪಿಸಿದೆ.

ನಿರ್ದೇಶಕರನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. "ಐದು ವರ್ಷ ಬರೆದ ಮಾತು ಸಾರ್ ಅದು. 'ಬರ್ತೀನಿ' ಅನ್ನೋದೇ ನನ್ನ ಸಿನಿಮಾ," ಅಂದರು. ಹಾಳು ಮಾಡಿದವನೇ ಬಂದು ತಿದ್ದುಪಡಿ ಹೇಳುತ್ತಿದ್ದಾನಲ್ಲ ಅಂತ ಅವರಿಗೆ ಅನ್ನಿಸಿದ್ದರೆ ತಪ್ಪಿಲ್ಲ. ನಾನೂ ಪಟ್ಟು ಬಿಡಲಿಲ್ಲ. ಮೂರು ದಿನ ಫೋನಿನಲ್ಲಿ ಜಗಳವಾಡಿದೆವು. ಕೊನೆಗೆ ಮೊದಲು ಅವರ ಮಾತು, ಆಮೇಲೆ ಸಿಸ್ಟರ್ ಮಾತು, ಒಂದೊಂದು ಟೇಕ್ ಅಂತ ರಾಜಿಯಾಯಿತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಿಸ್ಟರ್ ಬಂದರು, ಎರಡು ದೊಡ್ಡ ಪೆಟ್ಟಿಗೆ, ಒಂದು ಕೈಚೀಲ. ಹನ್ನೆರಡೂವರೆಗೆ ನಮ್ಮ ಮನೆ ಬಿಡಲೇಬೇಕು. ಬೀರಿನಲ್ಲಿ ಮಲಗಲು ಜಾಗವಿಲ್ಲ, ಆದ್ದರಿಂದ ಕೋಣೆಯ ಹಾಸಿಗೆಗಳನ್ನೆಲ್ಲ ಎಬ್ಬಿಸಿ ಗೋಡೆಗೆ ಒರಗಿಸಿ, ಕಿಟಕಿಗೆ ಕಂಬಳಿ ಹೊದಿಸಿ, ನೆಲಕ್ಕೆ ಚಾಪೆ ಹಾಸಿದ್ದೆ. ಹೆಲ್ಮೆಟ್ಟಿನ ಫ್ಯಾನುಗಳನ್ನು ಕಿತ್ತು ಹಾಕಿದ್ದೆ. ಮಂಜು ಹಿಡಿದರೆ ಹಿಡಿಯಲಿ, ಇಲ್ಲಿ ಕ್ಯಾಮೆರಾ ಇಲ್ಲವಲ್ಲ. ಸದ್ದಾಗುತ್ತದೆಂದು ಏಸಿ ಬಂದ್. ಮಲಗುವುದಕ್ಕೆ ಅಕೌಂಟೆಂಟರು ಇಲ್ಲ, ನಾನೇ ಮಲಗಿದೆ. ಕಿವಿಗೆ ಹೆಡ್‌ಫೋನು, ಪಕ್ಕದಲ್ಲಿ ರೆಕಾರ್ಡರು. ನಿರ್ದೇಶಕರು ಬಾಗಿಲ ಬಳಿ ನೆಲದ ಮೇಲೆ ವಿಮಾನದ ಆಪ್ ಹಿಡಿದುಕೊಂಡು ಕೂತರು.

ಮೊದಲು ನಿರ್ದೇಶಕರು ಬರೆದ ಮಾತಿನ ಟೇಕ್ ಆಯಿತು. ಬುಧವಾರಕ್ಕಿಂತ ವಾಸಿ, ಆದರೆ ಕೊನೆಗೆ 'ಖಂಡಿತ ಬರ್ತೀನಿ' ಅನ್ನುವಾಗ ಮತ್ತೆ ಅದೇ ವಾರ್ತೆ. ನಾನು ಕಣ್ಣು ತೆರೆದು ನೋಡಿದೆ. ನಿರ್ದೇಶಕರು ಕೈಯಲ್ಲಿದ್ದ ಸ್ಕ್ರಿಪ್ಟನ್ನು ನಾಲ್ಕಾಗಿ ಮಡಚಿ ಜೇಬಿಗೆ ಇಟ್ಟುಕೊಂಡರು. "ಸರಿ ಸಿಸ್ಟರ್," ಅಂದರು. "ನಿಮ್ಮ ವಾರ್ಡಲ್ಲಿ ಹೇಗೋ ಹಾಗೆ."

ವಿಮಾನಗಳು ಅಂದು ನಮ್ಮ ಮೇಲೇ ಏರುತ್ತಿದ್ದವು. ನಾಲ್ಕು ಸಲ ಶುರು ಮಾಡಿ ನಾಲ್ಕು ಸಲ ನಿಲ್ಲಿಸಿದೆವು. ಕೋಣೆ ಕಾದು ನನ್ನ ಬೆನ್ನ ಕೆಳಗೆ ಚಾಪೆ ಒದ್ದೆಯಾಗಿತ್ತು. ಹನ್ನೊಂದೂ ಮುಕ್ಕಾಲಿಗೆ ಆಪಿನಲ್ಲಿ ಎಂಟು ನಿಮಿಷದ ಬಿಡುವು ಕಂಡಿತು. ಸಿಸ್ಟರ್ ನನ್ನ ಪಕ್ಕ ಮಂಡಿಯೂರಿ ಕೂತರು. ಭುಜದ ಮೇಲೆ ಕೈ ಬಿತ್ತು.

"ನಾನು. ಹೆದ್ರಬೇಡಿ," ಅಂದರು. "ಇವತ್ತು ಯಾವ ದಿನ ಅಂತ ನನಗೂ ಲೆಕ್ಕ ತಪ್ಪಿದೆ. ಹೊರಗೆ ಬೆಳಕುಂಟು. ಈಗ ನಿಮ್ಮ ಕೈ ಸರಿ ಇಡ್ತೇನೆ, ಆಯ್ತಾ? ಸ್ವಲ್ಪ ಗಾಳಿಯ ಶಬ್ದ ಬರ್ಬಹುದು. ಅದು ಮರಳು. ಎಂತ ಇಲ್ಲ."

ಬರೆದದ್ದರಲ್ಲಿ ಮೂಲ ವಿಷಯ ಅಷ್ಟನ್ನೂ ಹೇಳಿದರು, ಠಾಣೆ ಕೆಟ್ಟದ್ದು, ನೀರು ಎಷ್ಟು ಉಳಿದಿದೆ, ತಾನು ಯಾವ ದಿಕ್ಕಿಗೆ ನಡೆಯುತ್ತೇನೆ. ಎಲ್ಲ ರೋಗಿಗೆ ವರದಿ ಒಪ್ಪಿಸಿದ ಹಾಗೆ. ಕೊನೆಗೆ, "ನನ್ನ ಡ್ಯೂಟಿ ಮುಗೀತು. ಇನ್ನೊಬ್ಬರು ಬರ್ತಾರೆ. ಅವರಿಗೆ ನಿಮ್ಮ ವಿಷಯ ಎಲ್ಲ ಬರೆದಿಟ್ಟಿದ್ದೇನೆ. ಚಂದ ನೋಡಿಕೊಳ್ತಾರೆ," ಅನ್ನುವಾಗ ಅವರ ದನಿ ಒಡೆಯಿತು. ಅತ್ತರು. ಹತ್ತೊಂಬತ್ತು ವರ್ಷದ ವಾರ್ಡುಗಳನ್ನೆಲ್ಲ ಅವತ್ತು ಮಧ್ಯಾಹ್ನ ಬಿಟ್ಟು ಹೋಗುವವರು ಅವರು, ಅಳು ಪಾತ್ರದ್ದಾಗಿರಲಿಲ್ಲ. ನನ್ನ ಮುಚ್ಚಿದ ಕಣ್ಣಂಚಿನಿಂದಲೂ ನೀರು ಕಿವಿಯ ಕಡೆ ಇಳಿಯಿತು.

ಅದೇ ಹೊತ್ತಿಗೆ ಹೆಡ್‌ಫೋನಿನಲ್ಲಿ, ಅವರ ದನಿಯ ತಳದಲ್ಲಿ, ಗುಡುಗಿನಂಥದ್ದು ಏಳತೊಡಗಿತು. ಆಪಿನಲ್ಲಿ ಇಲ್ಲದ ಯಾವುದೋ ಒಂದು ವಿಮಾನ. ಕೋಣೆಯಲ್ಲಿ ಕೂತವರಿಗೆ ಕಂಬಳಿಗಳ ನಡುವೆ ಗೊತ್ತಾಗದಷ್ಟು ಸಣ್ಣಗೆ. ಕೊನೆಯ ಎರಡು ಸಾಲುಗಳ ಮೇಲೆ ಸರಿಯಾಗಿ ಕೂತಿತ್ತು.

ಮುಗಿಯಿತು. ಸಿಸ್ಟರ್ ಹೆಲ್ಮೆಟ್ ತೆಗೆದು ಮುಖ ಒರೆಸಿಕೊಂಡರು. ನಿರ್ದೇಶಕರ ಕಣ್ಣು ಕೆಂಪಾಗಿತ್ತು. "ಓಕೆ ತಾನೆ ಸಾರ್?" ಅಂದರು. ಕೇಳಿದ್ದಲ್ಲ ಅದು, ಬೇಡಿದ್ದು. ಗಂಟೆ ಹನ್ನೆರಡಕ್ಕೆ ಐದು ನಿಮಿಷ. ಕೆಳಗಿನ ಸದ್ದನ್ನು ಕತ್ತರಿಸಿ ಏನಾದರೂ ಮಾಡಬಹುದು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಇಲ್ಲ," ಅಂದೆ. "ಸೌಂಡ್ ಸರಿ ಇಲ್ಲ. ಕೊನೆಗೆ ವಿಮಾನ ಇದೆ."

"ಸಾರ್, ಅಳು ಬಂತು ಸಾರ್ ಅವರಿಗೆ. ಇನ್ನೊಂದ್ಸಲ ಎಲ್ಲಿಂದ ಬರುತ್ತೆ ಅದು?"

"ಬರಲಿಕ್ಕಿಲ್ಲ. ಆದ್ರೂ ಇದು ಸರಿ ಇಲ್ಲ."

ಸಿಸ್ಟರ್ ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಹೆಲ್ಮೆಟ್ ಮತ್ತೆ ತಲೆಗೇರಿಸಿಕೊಂಡರು.

"ಹಾಗಾದ್ರೆ ಪುನಃ ಮಲಗಿ," ಅಂದರು.

ಹನ್ನೆರಡಕ್ಕೆ ಆಪಿನಲ್ಲಿ ಇನ್ನೊಂದು ಬಿಡುವು ಸಿಕ್ಕಿತು. ಎರಡನೆಯ ಸಲ ಅಳು ಬರಲಿಲ್ಲ. ಅವಸರವಿತ್ತು, ದಣಿವಿತ್ತು, ಪಾಳಿ ಮುಗಿಸಿ ಮನೆಗೆ ಹೊರಟ ಹೆಂಗಸಿನ ಒಣ ದನಿಯಿತ್ತು. ನಿರ್ದೇಶಕರು ತಲೆ ಕೆಳಗೆ ಹಾಕಿದ್ದು ಆಮೇಲೆ ಗೊತ್ತಾಯಿತು. ಕಣ್ಣು ಮುಚ್ಚಿ ನೆಲದ ಮೇಲೆ ಬಿದ್ದುಕೊಂಡಿದ್ದ ನನಗೆ ಮಾತ್ರ, ನಿಜವಾಗಿಯೂ ಇನ್ನೊಬ್ಬರು ಬರುತ್ತಾರೆ, ನನ್ನ ವಿಷಯ ಅವರಿಗೆ ತಿಳಿದಿದೆ ಅನ್ನಿಸಿತು. ಕೊನೆಯ ಮಾತಿನ ನಂತರ ಇಪ್ಪತ್ತು ಸೆಕೆಂಡು ಬರೀ ಮೌನ ಹಿಡಿದು, ರೆಕಾರ್ಡರ್ ನಿಲ್ಲಿಸಿ, ಹೆಡ್‌ಫೋನು ಹಾಕಿಕೊಂಡೇ ಇಡೀ ಏಳು ನಿಮಿಷ ಮೊದಲಿಂದ ಕೇಳಿದೆ. ಅವರಿಬ್ಬರೂ ನನ್ನ ಮುಖ ನೋಡುತ್ತ ನಿಂತಿದ್ದರು. ಯಾರೂ ಅವಸರಪಡಿಸಲಿಲ್ಲ.

"ಓಕೆ," ಅಂದೆ.

ಸಿಸ್ಟರ್ ಇನ್ನೇನೂ ಕೇಳಲಿಲ್ಲ. ಹೆಲ್ಮೆಟ್ಟನ್ನು ಚಾಪೆಯ ಮೇಲಿಟ್ಟು ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡರು.